ತೆಂಗಿನೆಣ್ಣೆ ಸವರಿದ ಜಾಲರಿ

ಕಾಂತಪ್ಪ ಡಬ್ಬಿಯ ಮುಚ್ಚಳ ತೆಗೆದು ಒಳಕ್ಕೆ ಮೂಗು ಇಟ್ಟರು. ಇಟ್ಟಷ್ಟೇ ಬೇಗ ಹಿಂದಕ್ಕೆ ತೆಗೆದರು.

"ಇದು ಎಂತ ಎಣ್ಣೆ ಮಾರಾಯ? ಯಾವುದರಿಂದ ತೆಗೆದದ್ದು?"

ಸದಾನಂದನಿಗೆ ಪ್ರಶ್ನೆ ಅರ್ಥವಾಯಿತು. "ಮೆಶಿನಿನ ಕಂಪನಿಯವರು ಕೊಟ್ಟದ್ದು ಧಣಿ. ಭೂಮಿಯಿಂದ ತೆಗೆಯುವ ಎಣ್ಣೆ ಇರಬೇಕು."

"ಇರಬೇಕು ಅಂದ್ರೆ? ಮೀನಿಂದೋ, ಹಂದಿದೋ, ನಿನಗೆ ಗೊತ್ತುಂಟಾ?"

ಸದಾನಂದ ಡಬ್ಬಿಯನ್ನು ತಿರುಗಿಸಿ ನೋಡಿದ. ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, ಕೆಳಗೆ ಒಂದು ನಂಬರು. ಎಣ್ಣೆ ಯಾವುದರದ್ದೆಂದು ಬರೆದಿರಲಿಲ್ಲ. ಇನ್ನೊಮ್ಮೆ ತಿರುಗಿಸಿದ, ಆಗಲೂ ಬರೆದಿರಲಿಲ್ಲ.

ಫೋರ್ಟ್ ಪೇಟೆಯ ಕಾಂತಪ್ಪನವರ ಹೋಟೆಲಿನ ಮಾಳಿಗೆಯಲ್ಲಿ ಏರ್ ಕಂಡೀಶನ್ ಹಾಲ್ ತೆರೆದು ಎರಡು ತಿಂಗಳಾಗಿತ್ತು. ನಯೇ ಪೈಸೆ ಬಂದ ವರ್ಷದ ಬೇಸಿಗೆ ಅದು. ಕೆಳಗೆ ಗಿರಾಕಿಗಳು ಬೆವರು ಒರೆಸಿಕೊಳ್ಳುತ್ತ ಹಳೆಯ ಆಣೆಗೂ ಹೊಸ ಚಿಲ್ಲರೆಗೂ ಜಗಳವಾಡುತ್ತಿದ್ದರೆ, ಮೇಲೆ ಬ್ಯಾಂಕಿನ ಸಾಹೇಬರೂ ಶೇರು ಬಜಾರಿನ ದಲಾಲರೂ ಮುಚ್ಚಿದ ಕಿಟಕಿಗಳ ಹಿಂದೆ ತಣ್ಣಗೆ ಕೂತು ಮಸಾಲೆ ದೋಸೆ ತಿನ್ನುತ್ತಿದ್ದರು. ಹಾಲಿನ ಹಿಂದೆ ಮೆಶಿನಿನ ಕೋಣೆ. ಮೆಶಿನು ಹಾಲಿನ ಗಾಳಿಯನ್ನು ಎಳೆದುಕೊಂಡು, ತಂಪು ಮಾಡಿ, ತಗಡಿನ ಕೊಳವೆಗಳಲ್ಲಿ ಮತ್ತೆ ಹಾಲಿಗೇ ಬಿಡುತ್ತಿತ್ತು. ಎಳೆದುಕೊಳ್ಳುವ ಬಾಯಿಗೆ ಜಾಲರಿಗಳಿದ್ದವು; ತಗಡಿನ ಚೌಕಟ್ಟಿನೊಳಗೆ ಒತ್ತಾಗಿ ತುಂಬಿದ ಉಕ್ಕಿನ ನಾರು. ಆ ನಾರನ್ನು ಎಣ್ಣೆಯಲ್ಲಿ ಅದ್ದಿ ಸೋರಿಸಿ ಇಟ್ಟರೆ ಗಾಳಿಯ ಧೂಳೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ವಾರವಾರ ಸೋಡಾ ಹಾಕಿದ ಬಿಸಿ ನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಅದ್ದಬೇಕು.

"ನಿನ್ನೆ ಆ ದಲಾಲ ಸೇಠ್ ಎಂತ ಕೇಳಿದ ಗೊತ್ತುಂಟಾ?" ಕಾಂತಪ್ಪ ದನಿ ತಗ್ಗಿಸಿದರು. "'ಕಾಂತಪ್ಪ ಸೇಠ್, ತುಮ್ಹಾರೀ ಹವಾ ಮೇ ಯೇ ಬಾಸ್ ಕಾಹೇಕಾ? ಚರ್ಬಿ ತೋ ನಹೀಂ?' ಅಂತ. ಗಾಳಿಯ ವಾಸನೆ ಪ್ರಾಣಿ ಕೊಬ್ಬಿದಾ ಅಂತ! ಚರ್ಬಿ! ನಮ್ಮ ಹೋಟ್ಲಲ್ಲಿ! ಈರುಳ್ಳಿ ಸಹ ತಿನ್ನದವರು ಅವರು; ಅವರಿಗೋಸ್ಕರ ಈರುಳ್ಳಿ ಮುಟ್ಟಿದ ಚೂರಿಯನ್ನೂ ಬೇರೆ ಇಡುವವ ನಾನು. ಈಗ ಗಾಳಿಯಲ್ಲೇ ಚರ್ಬಿ ಉಂಟು ಅಂತ ಬಜಾರಲ್ಲಿ ಸುದ್ದಿ ಹೋದ್ರೆ, ಬೋರ್ಡು ಇಳಿಸಿ ಊರಿಗೆ ಹೋಗುದೇ."

"ಇಲ್ಲ ಧಣಿ, ಚರ್ಬಿ ಇರಲಿಕ್ಕಿಲ್ಲ..."

"ಗಾಳಿ ಈ ಎಣ್ಣೆ ಮುಟ್ಟಿಕೊಂಡು ಹೋಗಿ ಅನ್ನದ ಮೇಲೆ ಬೀಳ್ತದೆ. ಹೌದೋ ಅಲ್ಲವೋ?"

"ಹೌದು ಧಣಿ."

"ಹಾಗಾದ್ರೆ ತೆಂಗಿನೆಣ್ಣೆ ಹಾಕಿ. ದೇವರಿಗೆ ಆಗ್ತದೆ, ತಲೆಗೆ ಆಗ್ತದೆ, ಬಾಣಂತಿಗೆ ಆಗ್ತದೆ. ಮೆಶಿನಿಗೆ ಆಗುದಿಲ್ವಾ?"

ಮೂಲೆಯಲ್ಲಿ ಬೋರಲು ಹಾಕಿದ ಚಿಮಣಿಎಣ್ಣೆ ಡಬ್ಬದ ಮೇಲೆ ಕೂತಿದ್ದ ಅಣ್ಣು ನಕ್ಕ. "ಮೆಶಿನಿಗೆ ಕೂದಲು ಬಂದೀತು ಧಣಿ. ಮತ್ತೆ ಕ್ಷೌರದವನನ್ನೂ ಇಡಬೇಕು."

"ನಿನ್ನ ತಲೆಗೇ ಬರಲಿಲ್ಲ, ಮೆಶಿನಿಗೆ ಎಲ್ಲಿಂದ ಬರ್ತದೆ?" ಕಾಂತಪ್ಪನವರೂ ನಕ್ಕರು. ಅಲ್ಲಿಗೆ ಅದು ತೀರ್ಮಾನವಾಯಿತು. "ಕಂಪನಿಯವರನ್ನು ಒಂದು ಮಾತು ಕೇಳಿ..." ಎಂದು ಸದಾನಂದ ಶುರುಮಾಡಿದ್ದನ್ನು ಅವರು ಬಾಗಿಲಿಂದಾಚೆ ಹೋಗುತ್ತ ಕೇಳಿಸಿಕೊಂಡು, "ಕೇಳಿದ್ರೆ ಅವರ ಡಬ್ಬಿ ಅವರು ಮಾರ್ತಾರೆ" ಎಂದರು.

ಮೆಶಿನಿನ ಜೊತೆ ಬಂದ ಪುಸ್ತಕವನ್ನು ಓದಬಲ್ಲವನೆಂದು ಸದಾನಂದನಿಗೆ ಗಲ್ಲಾದ ಕೆಲಸದ ಜೊತೆಗೆ ಈ ಹೊಣೆಯೂ ಬಂದಿತ್ತು. ಮೇಜು ಒರೆಸುತ್ತ ರಾತ್ರಿ ಶಾಲೆಯಲ್ಲಿ ಓದಿ, ಎರಡನೆಯ ಸಲಕ್ಕೆ ಮೆಟ್ರಿಕ್ ದಾಟಿದವನು ಅವನು. ಓದಿದ್ದು ಅರ್ಥವಾಗುತ್ತಿತ್ತು; ಅರ್ಥವಾದದ್ದು ಸರಿಯೋ ಅಲ್ಲವೋ ಎಂಬುದು ಮಾತ್ರ ಎಂದೂ ಖಚಿತವಾಗುತ್ತಿರಲಿಲ್ಲ. ಕಂಪನಿ ಕೊಟ್ಟ ಎಣ್ಣೆ ಅಥವಾ ಅದಕ್ಕೆ ಸಮನಾದ ಎಣ್ಣೆ ಎಂದು ಪುಸ್ತಕದಲ್ಲಿತ್ತು. ಯಾವುದು ಯಾವುದಕ್ಕೆ ಸಮ, ಯಾರು ಹೇಳಬೇಕು? ಯಾವುದಕ್ಕೆ ಹೆದರಬೇಕೆಂದೇ ಗೊತ್ತಿಲ್ಲದ ಹೆದರಿಕೆಯನ್ನು ಯಜಮಾನರ ಮುಂದೆ ಇಡುವುದಾದರೂ ಹೇಗೆ?

ಅಣ್ಣುವನ್ನು ಆ ಕೋಣೆಗೆ ತಂದವನು ಅವನೇ. ಅಣ್ಣು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಲೆಯ ಮುಂದೆ ನಿಂತವನು. ಕಳೆದ ಮಳೆಗಾಲದಿಂದ ದಮ್ಮು ಹತ್ತಿತ್ತು. ಒಗ್ಗರಣೆಯ ಘಾಟು ಏರಿದರೆ ಸಾಕು, ಗೋಡೆ ಹಿಡಿದು ಬಗ್ಗಿ ನಿಲ್ಲುತ್ತಿದ್ದ. ಕತ್ತಿನ ನರಗಳು ಹಗ್ಗದಂತೆ ಎದ್ದು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು. ಧರ್ಮಾಸ್ಪತ್ರೆಯ ಡಾಕ್ಟರು, "ಔಷಧಿ ಬೇರೆ ಏನಿಲ್ಲ. ಹೊಗೆ ಬಿಡಿಸಿ. ಇಲ್ಲದಿದ್ದರೆ ಇನ್ನೊಂದು ಮಳೆಗಾಲ ನೋಡುವುದು ಕಷ್ಟ" ಎಂದಿದ್ದರು. ಊರಿಗೆ ಹೋಗೋಣವೆಂದರೆ ಅಳಿಯಕಟ್ಟಿನ ಮನೆ, ಆಸ್ತಿ ಹೆಣ್ಣಿನ ಕಡೆಗೆ. ಅಕ್ಕ ಸತ್ತ ಮೇಲೆ ಅವಳ ಮಕ್ಕಳು ಪಾಲು ಮಾಡಿಕೊಂಡಿದ್ದರು. ಮಾವನಿಗೆಂದು ಒಂದು ಜಗಲಿಯೂ ಉಳಿದಿರಲಿಲ್ಲ. ಗಿರಾಕಿಗಳ ಎದುರು ಕೆಮ್ಮುವವನನ್ನು ಬಡಿಸಲು ಬಿಡುವಂತಿಲ್ಲ. ಹೋಟೆಲಿನಲ್ಲಿ ಹೊಗೆ ಹೋಗದ ಒಂದೇ ಜಾಗವೆಂದರೆ ಈ ಕೋಣೆ. ಜಾಲರಿ ತೊಳೆಯಲು ಯಾರಾದರೂ ಬೇಕಿತ್ತು.

ಎರಡೇ ತಿಂಗಳಲ್ಲಿ ಅಣ್ಣು ಮಾಳಿಗೆಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುವಂತಾಗಿದ್ದ. "ನೋಡು ಮಗಾ," ಎಂದು ಒಮ್ಮೆ ಸದಾನಂದನ ಅಂಗೈಯನ್ನು ತನ್ನ ಬೆನ್ನಿಗೆ ಇಡಿಸಿಕೊಂಡಿದ್ದ. "ಒಳಗೆ ಹಾರ್ಮೋನಿಯಂ ನಿಂತಿದೆ ಅಲ್ಲವಾ?"

ತೆಂಗಿನೆಣ್ಣೆಯಲ್ಲಿ ಅದ್ದಿದ ಜಾಲರಿಗಳನ್ನು ಅವನು ಬಟ್ಟೆ ಒಗೆದು ಹರವಿದ ಹಾಗೆ ಸಾಲಾಗಿ ಓರೆಯಿಟ್ಟು ಸೋರಿಸಿದ. ಒಂದು ಹನಿಯೂ ವ್ಯರ್ಥವಾಗದಂತೆ ಕೆಳಗೆ ಪರಾತ ಇಟ್ಟಿದ್ದ. ಹಾಲಿನಲ್ಲಿ ಸಣ್ಣಗೆ ತೆಂಗಿನ ಪರಿಮಳ ಹರಡಿತು. ದಲಾಲ ಸೇಠ್ ಮೂಗರಳಿಸಿ, "ಅಬ್ ಠೀಕ್ ಹೈ" ಎಂದ. ಕಾಂತಪ್ಪನವರು ಅದನ್ನು ಇಡೀ ದಿನ ಎಲ್ಲರಿಗೂ ಹೇಳಿದರು.

ಸದಾನಂದ ಮಾತ್ರ ಆ ಸಂಜೆ ಜೋಗೇಶ್ವರಿಯ ಚಾಳಿಗೆ ಬಂದವನು ಅಂಗಿ ತೆಗೆಯದೆಯೇ ಹೆಂಡತಿ ವಿನೋದಿನಿಯನ್ನು ಕೇಳಿದ. "ತೆಂಗಿನೆಣ್ಣೆ ಗಟ್ಟಿಯಾಗುವುದು ಯಾವಾಗ?"

"ಯಾವಾಗ ಅಂದ್ರೆ? ಡಿಸೆಂಬರಲ್ಲಿ. ಅಮ್ಮ ಬಿಸಿಲಿಗೆ ಇಡುದಿಲ್ವಾ ಬಾಟ್ಲಿ."

"ಈಗ?"

ಅವಳು ಕಿಟಕಿಯಿಂದ ಬಾಟಲಿ ತೆಗೆದು ಅವನ ಕಣ್ಣೆದುರು ಅಲ್ಲಾಡಿಸಿದಳು. ಒಳಗೆ ಎಣ್ಣೆ ನೀರಿನಂತೆ ತುಳುಕಿತು. "ಈ ಸೆಕೆಗೆ ನಾನೇ ಕರಗ್ತಾ ಇದ್ದೇನೆ. ನಿಮಗೆ ಓದಿ ಓದಿ ತಲೆ ಕೆಟ್ಟಿದೆ."

ಅವನಿಗೆ ಸಮಾಧಾನವಾಯಿತು. ಪೂರ್ತಿಯಲ್ಲ.

ದಲಾಲ ಸೇಠ್ ಮಗಳ ಸಗಾಯಿಯ, ಅಂದರೆ ನಿಶ್ಚಿತಾರ್ಥದ, ಊಟವನ್ನು ಹೋಟೆಲಿನ ಹಾಲಿನಲ್ಲೇ ಇಟ್ಟುಕೊಂಡದ್ದು ಅದರ ಮುಂದಿನ ವಾರ. ಕಾಂತಪ್ಪನವರು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮಾಳಿಗೆಗೆ ಬಂದಿದ್ದರು. "ತಂಪಿನ ಕೀಲಿ ಕಡೇವರೆಗೆ ತಿರುಗಿಸು. ಬೀಗರು ಕಾಶ್ಮೀರಕ್ಕೆ ಹೋಗಿಬಂದೆವು ಅನ್ಬೇಕು."

ಖಾಲಿ ಹಾಲಿನಲ್ಲಿ ಮೆಶಿನು ಓಡತೊಡಗಿತು. ಜನರಿಲ್ಲ, ಬಿಸಿ ತಿಂಡಿಯಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸ್ಟೀಲಿನ ಲೋಟಗಳು ಮುಟ್ಟಿದರೆ ಚುರ್ ಎನ್ನುವಷ್ಟು ತಣ್ಣಗಾಗಿದ್ದವು. ಅಣ್ಣು ಕಂಬಳಿ ಹೊದ್ದು ಕೂತಿದ್ದ. ಎಲೆ ಹಾಕುವವರು ಕೈ ಉಜ್ಜಿಕೊಂಡು ನಗುತ್ತಿದ್ದರು.

ಬೀಗರು ಬಂದು ಕೂತು, ಮೊದಲ ಸುತ್ತಿನ ಪೂರಿ ಬಡಿಸುವಾಗ, ಗಾಳಿ ಬರುವುದು ತಿಳಿಯಲೆಂದು ಕೊಳವೆಯ ಬಾಯಿಗೆ ಕಟ್ಟಿದ್ದ ಬಣ್ಣದ ಕಾಗದದ ಪಟ್ಟಿಗಳು ಜೋತುಬಿದ್ದಿರುವುದನ್ನು ಸದಾನಂದ ಕಂಡ. ಮೊದಲು ತನ್ನ ಕಣ್ಣಿನ ದೋಷವೆಂದುಕೊಂಡ. ಅಷ್ಟರಲ್ಲಿ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದ್ದರು. ಮುಚ್ಚಿದ ಕಿಟಕಿಗಳ ಹಿಂದೆ, ಅಷ್ಟು ಜನರ ಉಸಿರೂ ತುಪ್ಪದ ಆವಿಯೂ ಸೇರಿ, ಹಾಲ್ ಹಬೆಪಾತ್ರೆಯಾಯಿತು. ಕೊಳವೆಯ ಸಂದಿಯಿಂದ ಒಂದು ಹನಿ ಬಿತ್ತು, ಸೇಠ್‌ನ ಬೀಗನ ಕೇಸರಿ ಪೇಟದ ಮೇಲೆ. ಮತ್ತೊಂದು ಬಿತ್ತು. ಆತ ತಲೆಯೆತ್ತಿ ಮೇಲೆ ನೋಡಿದ.

ಸದಾನಂದ ಮೆಶಿನಿನ ಕೋಣೆಗೆ ಓಡಿದ. ಅಣ್ಣು ಜಾಲರಿಗಳ ಎದುರು ಅಂಗೈ ಹಿಡಿದು ನಿಂತಿದ್ದ.

"ಮಗಾ, ಇದು ಉಸಿರು ಎಳೀತಾ ಇಲ್ಲ," ಎಂದ. ಅವನ ಮುಖದಲ್ಲಿದ್ದ ಗಾಬರಿ, ಆ ಕಷ್ಟ ಬಲ್ಲವನದು.

ಮೆಶಿನು ನಿಲ್ಲಿಸಿ ಕಿಟಕಿಗಳನ್ನು ತೆರೆದರು. ಊಟ ಹೇಗೋ ಮುಗಿಯಿತು. ಸೇಠ್ ಹೊರಡುವಾಗ ಕಾಂತಪ್ಪನವರ ನಮಸ್ಕಾರಕ್ಕೆ ಕೈಯೆತ್ತಲಿಲ್ಲ.

ಕಂಪನಿಯ ಮೆಕ್ಯಾನಿಕ್ ಚನ್ನಬಸಯ್ಯ ಧಾರವಾಡ ಕಡೆಯವನು. ಬೀಗರು ಹೊರಟ ಬೆನ್ನಿಗೇ ಚೀಲ ಹಿಡಿದು ಬಂದ. ಒಂದು ಜಾಲರಿಯನ್ನು ಎಳೆದು ಬೆಳಕಿಗೆ ಹಿಡಿದವನು ಗಹಗಹಿಸಿ ನಕ್ಕುಬಿಟ್ಟ.

"ಏನ್ರೀ ಇದು, ಪೇಢೆ ಮಾಡೀರೇನು?"

ಮುಚ್ಚಿದ ಕೋಣೆಯ ತಂಪು ಇನ್ನೂ ಆರಿರಲಿಲ್ಲ; ನಾರಿನ ಸಂದುಸಂದಿನಲ್ಲಿ ಬೆಳ್ಳಗಿನ ಗಡ್ಡೆ ಕಟ್ಟಿಕೊಂಡಿತ್ತು. ಹಿಟ್ಟಿನ ಧೂಳು, ಬಟ್ಟೆಯ ಎಳೆ ಎಲ್ಲ ಅದರೊಳಗೆ ಹೂತುಹೋಗಿತ್ತು. ಚನ್ನಬಸಯ್ಯ ಉಗುರಿನಿಂದ ಕೆರೆದು ಮೂಸಿದ.

"ಕೊಬ್ಬರಿ ಎಣ್ಣಿ! ಅಲ್ರೀ, ಹೊರಗ ಮೇ ತಿಂಗಳ ಇದ್ರ ಏನಾತು, ಒಳಗ ನೀವು ಡಿಸೆಂಬರ್ ಮಾಡೀರಲ್ಲ. ಎಣ್ಣಿ ಹೆಪ್ಪಗಟ್ಟಿ ಬಾಯಿ ಮುಚ್ಚೇತಿ. ಗಾಳಿ ಇಲ್ಲದ ಒಳಗಿನ ನಳಿಗಿ ಮ್ಯಾಲೆ ಬರ್ಫ್ ಕುಂತೇತಿ, ಅದು ಕರಗಿ ಸೋರೇತಿ. ನಮ್ಮ ಕಡಿ ಮಂದಿ ಆಗಿದ್ರ ಕುಸುಬಿ ಎಣ್ಣಿ ಹಾಕ್ತಿದ್ರು, ಅದು ಹಿಂಗ ಕೈಕೊಡ್ತಿದ್ದಿಲ್ಲ. ನೀವು ಕರಾವಳಿಯವರು ಎಲ್ಲಾದಕ್ಕೂ ಒಂದs ಎಣ್ಣಿ." ನಗು ನಿಲ್ಲಿಸಿ ಸುತ್ತ ನೋಡಿದ. "ಯಾರು ಹಾಕಿದ್ರಿ ಇದನ್ನ?"

ಕೋಣೆಯಲ್ಲಿ ನಾಲ್ಕು ಜನ. ಕಾಂತಪ್ಪ ಜಾಲರಿಯನ್ನೇ ನೋಡುತ್ತಿದ್ದರು.

"ಅದ್ದಿದ್ದು ನಾನೇ," ಎಂದ ಅಣ್ಣು. ಸುಳ್ಳೇನಲ್ಲ, ಅದ್ದಿದ್ದು ಅವನೇ.

ಕಾಂತಪ್ಪ ಉಸಿರು ಬಿಟ್ಟರು. "ಕೇಳಿದ್ರಲ್ಲ. ಒಲೆ ಬುಡದವನನ್ನು ತಂದು ಮೆಶಿನಿನ ಮುಂದೆ ಕೂರಿಸಿದ್ದು ನನ್ನ ತಪ್ಪು."

"ಎಣ್ಣೆ ಬದಲಿಸಿ ಅಂತ ಹೇಳಿದ್ದು ಅಣ್ಣು ಮಾಮ ಅಲ್ಲ," ಎಂದ ಸದಾನಂದ. ಮಾತು ಹೊರಬಿದ್ದ ಮೇಲೆ ಅದು ತನ್ನದೇ ದನಿಯೆಂದು ಅವನಿಗೆ ತಿಳಿಯಿತು.

"ಮತ್ಯಾರು?" ಚನ್ನಬಸಯ್ಯ ಕೇಳಿದ.

ಕಾಂತಪ್ಪ ಈಗ ಸದಾನಂದನನ್ನು ನೋಡುತ್ತಿದ್ದರು. ಕೋಪದಿಂದಲ್ಲ. ಲೆಕ್ಕದಲ್ಲಿ ಮುಂದೇನು ಬರೆಯುತ್ತಾನೆಂದು ಕಾದು ನೋಡುವ ಮೇಷ್ಟರಂತೆ. ಸದಾನಂದ ಕಣ್ಣು ತಪ್ಪಿಸಿ ಜಾಲರಿ ನೋಡಿದ.

"ನಾವು... ಎಲ್ಲರೂ ಸೇರಿಯೇ," ಎಂದ.

"ಹೋಗ್ಲಿ ಬಿಡ್ರಿ, ಮೆಶಿನ್ ಉಳದೇತಿ, ನಿಮ್ಮ ಪುಣ್ಯ." ಚನ್ನಬಸಯ್ಯ ಚೀಲದಿಂದ ರಟ್ಟಿನ ಚೌಕಟ್ಟೊಂದನ್ನು ತೆಗೆದ. ಒಳಗೆ ಹತ್ತಿಯಂಥ ಹಳದಿ ಪದರ. "ಇದು ಗಾಜಿನ ನಾರು. ಪರದೇಶದ್ದು, ನಮ್ಮಲ್ಲೇ ಸ್ವಲ್ಪ ಉಳದಾವ, ನಿಮಗ ಕೊಡಸ್ತೀನಿ. ಎಣ್ಣಿ ಬ್ಯಾಡ, ತೊಳಿಯೂದು ಬ್ಯಾಡ. ಹೊಲಸ ಆತು, ತಗದ ಒಗದ್ರಿ, ಹೊಸಾದ ಇಟ್ರಿ. ಯಾವ ಮನಶ್ಯಾನೂ ಬೇಕಾಗಿಲ್ಲ. ಖೋಲಿಗೆ ಕೀಲಿ ಹಾಕ್ರಿ, ನಾನs ತಿಂಗಳಿಗೊಮ್ಮೆ ಬಂದು ನೋಡ್ತೀನಿ."

ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ಸಂತೋಷ ಅವನ ಮುಖದಲ್ಲಿತ್ತು. ಅಣ್ಣು ಆ ಹಳದಿ ಪದರವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, "ಹಗುರ ಉಂಟು," ಎಂದ.

ಗಲ್ಲಾದ ಹತ್ತಿರ ಗಿರಾಕಿಗಳು ಕಡಿಮೆಯಾದ ಮೇಲೆ ಸದಾನಂದ ಕಾಂತಪ್ಪನವರ ಎದುರು ನಿಂತ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಹಲವು ಸಲ ತಿದ್ದಿಕೊಂಡಿದ್ದ. ಕೊನೆಗೆ ಬಂದದ್ದು ಇಷ್ಟೇ: "ಧಣಿ, ಎಣ್ಣೆ ಹೇಳಿದ್ದು ನೀವು."

"ನಾನೇ. ಅಲ್ಲ ಅಂದೆನಾ?" ಕಾಂತಪ್ಪ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಬೇಕಾದ್ರೆ ಬೀದಿಯಲ್ಲಿ ನಿಂತು ಹೇಳ್ತೇನೆ. ಹೇಳಿದ್ರೆ ಆ ಜಾಲರಿ ತೊಳೆಯುವ ಕೆಲಸ ವಾಪಸು ಬರ್ತದಾ?"

ಈ ಪ್ರಶ್ನೆಗಾಗಿ ಸದಾನಂದ ತಯಾರಾಗಿರಲಿಲ್ಲ.

"ಅಣ್ಣು ಮಾಮ ಕೋಣೆಯಲ್ಲಿ ಸುಮ್ಮನೆ ಕೂರಲಿ ಧಣಿ. ಅವರ ಪಾಡಿಗೆ..."

"ಒಬ್ಬನನ್ನು ಸುಮ್ಮನೆ ಕೂರಿಸಿದ್ರೆ ನಾಳೆ ಅಡುಗೆಮನೆಯಿಡೀ ದಮ್ಮು ಅಂತ ಮೇಲೆ ಹತ್ತುತ್ತದೆ. ಯಾರಿಗೆ ಇಲ್ಲ ಹೇಳು? ನಾನೂ ಕಾವಲಿ ಮುಂದೆ ನಿಂತವನೇ. ನನ್ನ ಎದೆ ಕೇಳು ಬೇಕಾದ್ರೆ." ನಿಜವಾಗಿಯೂ ಅವರ ಉಸಿರಿನ ಕೊನೆಯಲ್ಲಿ ಸಣ್ಣದೊಂದು ಶಿಳ್ಳೆ ಇತ್ತು. ಇಷ್ಟು ವರ್ಷ ಅದನ್ನು ಗಮನಿಸಿರಲಿಲ್ಲವಲ್ಲ ಎಂದು ಸದಾನಂದನಿಗೆ ನಾಚಿಕೆಯಾಯಿತು. "ನಾನು ಅವನನ್ನು ಹೊರಗೆ ಹಾಕುದಿಲ್ಲ. ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚಲಿ. ಹಿಂದಿನ ಬಾಗಿಲ ಹತ್ತಿರ ಕೂರಲಿ. ಅದಕ್ಕಿಂತ ಹೆಚ್ಚು ನಾನೆಂತ ಮಾಡ್ಲಿ, ನೀನೇ ಹೇಳು. ನೀನು ಓದಿದವ."

ಅವರು ಕನ್ನಡಕ ಹಾಕಿಕೊಂಡು ಚಿಲ್ಲರೆ ಎಣಿಸತೊಡಗಿದರು.

ಅಣ್ಣುವನ್ನು ಮನೆಗೆ ಕರೆತರುವುದಕ್ಕೆ ವಿನೋದಿನಿ ಬೇಡವೆನ್ನುತ್ತಾಳೆಂದು ಅವನು ತಿಳಿದಿದ್ದ. ಅವಳು ಅನ್ನಲಿಲ್ಲ. "ಕರ್ಕೊಂಡು ಬನ್ನಿ. ಬಾಗಿಲ ಹೊರಗೆ ಮಲಗಿದ್ರಾಯ್ತು, ಚಾಳಿನಲ್ಲಿ ಎಲ್ಲರೂ ಮಲಗುದಿಲ್ವಾ." ಆಮೇಲೆ ಆಟವಾಡಿ ಬಂದ ಮಗುವನ್ನು ಹಿಡಿದು ಸೆರಗಿನ ತುದಿಯಿಂದ ಮೂಗು ಒರೆಸಿ, ಆ ಸೆರಗನ್ನು ಗಂಡನಿಗೆ ತೋರಿಸಿದಳು. ಮಸಿಯಂತೆ ಕಪ್ಪಾಗಿತ್ತು. ಗೋಡೆಯಾಚೆಯ ಶೆಡ್ಡಿನಲ್ಲಿ ಹಿತ್ತಾಳೆ ಉಜ್ಜುವ ಚಕ್ರಗಳು ಬೆಳಗಿನಿಂದ ತಿರುಗುತ್ತಿದ್ದವು. ಪಕ್ಕದ ಶೆಡ್ಡಿನಲ್ಲಿ ಎರಕದ ಭಟ್ಟಿ. "ಆದ್ರೆ ಇಲ್ಲಿ ಅವರಿಗೆ ಉಸಿರಾಡ್ಲಿಕ್ಕೆ ಎಂತ ಉಂಟು?" ಎಂದಳು.

ದೂರದ ಬೊರಿವಲಿಯಲ್ಲಿ ಗಾಳಿ ಒಳ್ಳೆಯದೆಂದು ಯಾರೋ ಹೇಳಿದ್ದರು. ಅಲ್ಲಿ ಅವರಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ.

ಮರುದಿನದಿಂದ ಅಣ್ಣು ಕೆಳಗೆ ಬಂದ. ಹಿಂದಿನ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತ. ಬಾಗಿಲಾಚೆ ಗಲ್ಲಿ, ಗಾಳಿ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಒಲೆಗಳ ಹೊಗೆಯೆಲ್ಲ ಹೊರಹೋಗಲು ಹುಡುಕುವ ದಾರಿಯೂ ಅದೇ ಬಾಗಿಲು. ಮೊದಲ ದಿನ ಅವನು ತಮಾಷೆ ಮಾಡಿದ. "ಮೇಲೆ ಸಾಹೇಬನಾಗಿದ್ದೆ, ಈಗ ಡಿಮೋಶನ್," ಎಂದ. ಎರಡನೆಯ ದಿನ ಮಾತು ಕಡಿಮೆಯಾಯಿತು.

ಮುಂದಿನ ವಾರ ಒಂದು ಮಧ್ಯಾಹ್ನ, ಆಫೀಸುಗಳು ಬಿಟ್ಟು ಊಟದ ಜನ ನುಗ್ಗುವ ಹೊತ್ತಿಗೆ, ಸದಾನಂದ ಏನನ್ನೋ ಹೇಳುವ ನೆಪ ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಮೇಲಿನ ಹಾಲಿನಲ್ಲಿ ಹೊಸ ನಾರಿನ ಹಿಂದೆ ಮೆಶಿನು ಸರಾಗವಾಗಿ ಓಡುತ್ತಿತ್ತು. ಇಲ್ಲಿ ಒಲೆಯ ಮುಂದೆ ಸೀನ ನಿಂತಿದ್ದ. ಅಣ್ಣುವಿನ ಕೈಕೆಳಗೇ ಒಗ್ಗರಣೆ ಕಲಿತವನು. ಸಾಸಿವೆ ಸಿಡಿದಿತ್ತು. ಮುರಿದ ಒಣಮೆಣಸು ಅವನ ಮುಷ್ಟಿಯಲ್ಲಿತ್ತು.

"ಮಾಮ, ಹಾಕ್ತೇನೆ," ಎಂದು ಕೂಗಿದ.

ಬಾಗಿಲ ಬಳಿ ಅಣ್ಣು ಈರುಳ್ಳಿಯ ಚೂರಿ ಕೆಳಗಿಟ್ಟ. ಪಕ್ಕದ ಬಾಲ್ದಿಯಲ್ಲಿದ್ದ ಬೈರಾಸು ಬಟ್ಟೆಯನ್ನು ತೆಗೆದು, ಹಿಂಡದೆಯೇ, ನೀರು ಸೋರುತ್ತಿದ್ದಂತೆ ಮೂಗು ಬಾಯಿ ಮುಚ್ಚುವ ಹಾಗೆ ಮುಖಕ್ಕೆ ಸುತ್ತಿಕೊಂಡ. ಆಮೇಲೆ ಕೈಯೆತ್ತಿ, ಹಾಕು ಎಂದು ಸನ್ನೆ ಮಾಡಿದ. ಸೀನ ಮೆಣಸು ಹಾಕಿದ. ಘಾಟು ಎದ್ದು ಚಾವಣಿಗೆ ಬಡಿದು, ಕೆಳಗಿಳಿದು, ಬಾಗಿಲ ಕಡೆ ಸಾಗಿತು. ಒದ್ದೆ ಬಟ್ಟೆಯ ಹಿಂದೆ ಅಣ್ಣುವಿನ ಭುಜಗಳು ಏರಿ ಇಳಿದವು, ಏರಿ ಇಳಿದವು.

"ಸಾಂಬಾರ್ ಲಾವ್!" ಎಂದು ಹೊರಗಿನಿಂದ ಕೂಗು ಬಂತು. "ಏ ಸೀನ, ನಿದ್ದೆಯಾ?"

ಸೀನ ಎರಡನೆಯ ಬಾಣಲೆಯಿಟ್ಟು ಎಣ್ಣೆ ಹೊಯ್ದ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು.

"ಮಾಮ, ಹಾಕ್ತೇನೆ."

ಅಣ್ಣು ಮೊಣಕಾಲುಗಳ ನಡುವೆ ತಲೆ ಬಗ್ಗಿಸಿ ಕೂತಿದ್ದ. ಬಟ್ಟೆ ಮುಖದಿಂದ ಜಾರಿತ್ತು. ಹೊರಗಿನಿಂದ ಮತ್ತೆ ಕೂಗಿದರು. ಸೀನ ಹಿಂದಕ್ಕೆ ತಿರುಗಿ, ಮೆಣಸು ಹಿಡಿದ ಮುಷ್ಟಿಯನ್ನು ಬಾಣಲೆಯ ಮೇಲೆ ಹಾಗೇ ಹಿಡಿದು, ಅಣ್ಣುವಿನ ಕೈ ಏಳುವುದನ್ನು ಕಾಯುತ್ತ ನಿಂತ. ಸಾಸಿವೆ ಕಪ್ಪಾಗುತ್ತಿತ್ತು.